ಮದಲೇನಮ್ಮ ಬರೆಸಿದ ಕುರ್ಚಿ

ನಮ್ಮೂರಿನ ಚಿನ್ನಪ್ಪ ಸ್ವಾಮಿಗಳು ನೆಮ್ಮದಿಯಾಗಿ ಒಂದು ಕಡೆ ಕೂತಿದ್ದನ್ನು ಯಾರೂ ಕಂಡಿರಲಿಲ್ಲ. ಪಾದ್ರಿಗಳಾದವರು ಪೂಜೆಯ ನಡುವೆ ವಾಚನ ಮುಗಿಯುವ ತನಕವಾದರೂ ಕೂರಬೇಕು. ಇವರೂ ಕೂರುತ್ತಿದ್ದರು. ಆದರೆ ಪೀಠದ ಪಕ್ಕದ ಕುರ್ಚಿಗೆ ಬೆನ್ನು ತಾಗಿದ್ದೇ ತಡ ಅವರ ಬಲಗಾಲು ಹೊಲಿಗೆ ಮಿಷನ್ನು ತುಳಿದ ಹಾಗೆ ಕುಣಿಯಲು ಶುರುವಾಗುತ್ತಿತ್ತು. ಅದು ಅವರ ಕಾಲಲ್ಲ, ದರ್ಜಿ ಗಬ್ರಿಯೇಲಪ್ಪನದು. ಕುರ್ಚಿ ಅವನು ಬಿಟ್ಟು ಹೋದದ್ದು. ಪ್ರಬೋಧನೆಗೆ ಎದ್ದು ಕನ್ನಡಕ ಹಾಕಿಕೊಂಡರೆ ಫ್ರೇಮಿನ ಮೇಲಿಂದ ಹಿಂದಿನ ಬೆಂಚನ್ನು ದುರುಗುಟ್ಟಿ, "ಅಲ್ಲಿ ಯಾರದು, ಕಿಸಿಯೋದು?" ಎನ್ನುತ್ತಿದ್ದರು. ಅದು ಲಾಜರ್ ಮೇಷ್ಟ್ರು. ಕೊಡೆ ಹಿಡಿದು ಬೀದಿಗೆ ಬಂದರೆ ಪ್ರತಿ ಮನೆಯ ಬಾಗಿಲಲ್ಲೂ ನಿಂತು ಮೂಗರಳಿಸಿ, ಏನು ಸಾರು ಎಂದು ಪತ್ತೆ ಮಾಡಿಯೇ ಮುಂದೆ ಹೋಗುತ್ತಿದ್ದರು. ಅದು ತೆರೇಸಮ್ಮ. ಬದುಕಿದ್ದಷ್ಟು ದಿನ ಯಾರಿಗೂ ಏನೂ ಕೊಡೆ ಎಂದವಳು ಕೊನೆಗೆ ಕೊಟ್ಟದ್ದು ಕೊಡೆಯನ್ನೇ.

ಬದುಕಿರುವಾಗ ಬಾಳೆಗೊನೆ, ಸತ್ತ ಮೇಲೆ ಸಾಮಾನು. ನಮ್ಮ ಧರ್ಮಕೇಂದ್ರ ನಡೆಯುತ್ತಿದ್ದದ್ದು ಹೀಗೆ. ಊರಿನ ಪ್ರತಿಯೊಬ್ಬ ಕ್ರೈಸ್ತನೂ ತಾನು ಬಳಸಿದ ಒಂದು ವಸ್ತುವನ್ನು ಸ್ವಾಮಿಗಳು ವಾಸವಿರುವ ಗುರುಮನೆಗೆ ಉಯಿಲು ಬರೆಸಬೇಕು. ವಸ್ತುವಿನ ಜೊತೆ ಸತ್ತವರ ಒಂದು ಚಾಳಿಯೂ ಸ್ವಾಮಿಗಳಿಗೆ ಹೋಗುತ್ತಿತ್ತು. ಯಾವ ಚಾಳಿ ಎಂಬುದು ಬರೆಸಿದವರ ಕೈಯಲ್ಲಿರಲಿಲ್ಲ. ಮಕ್ಕಳಿಗೆ ಹೋದ ಸಾಮಾನು ಬರೀ ಸಾಮಾನು. ಗುರುಮನೆಗೆ ಹೋದದ್ದು ಮಾತ್ರ ಮಾತಾಡುತ್ತಿತ್ತು, ಕೆಮ್ಮುತ್ತಿತ್ತು, ತಲೆ ಕೆರೆದುಕೊಳ್ಳುತ್ತಿತ್ತು. ಹಾಗಾಗಿ ನಮ್ಮಲ್ಲಿ ಅಸ್ತಿ ಗೋರಿಗೆ, ಆಸ್ತಿ ಮಕ್ಕಳಿಗೆ, ಉಳಿದ ಮನುಷ್ಯ ಸ್ವಾಮಿಗಳಿಗೆ.

ಊರು ಇದಕ್ಕೆ ಹೊಂದಿಕೊಂಡಿತ್ತು. ಕೊಡೆ ಬೀದಿಯ ತುದಿಯಲ್ಲಿ ಕಂಡರೆ ಹೆಂಗಸರು ಮೀನಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದರು. ಲಾಜರ್ ಮೇಷ್ಟ್ರ ಮಗ ಶನಿವಾರವೇ ಗುರುಮನೆಗೆ ಬಂದು, "ಸ್ವಾಮಿ, ನಾಳೆ ಅಪ್ಪನ ಕನ್ನಡಕಾನೇ ಹಾಕ್ಕೊಳ್ಳಿ, ತಂಗಿ ಗಂಡನ ಮನೆಯಿಂದ ಬಂದವ್ಳೆ" ಎಂದು ಹೇಳಿ ಹೋಗುತ್ತಿದ್ದ. ದನದ ದಲ್ಲಾಳಿ ಚೌರಪ್ಪ ತನ್ನ ಮಂಚ ಬಿಟ್ಟಿದ್ದ. ಅದರ ಮೇಲೆ ಮಲಗಿದ ಸ್ವಾಮಿಗಳು ನಿದ್ದೆಯಲ್ಲಿ ಎತ್ತುಗಳ ಚೌಕಾಸಿ ಮಾಡುತ್ತಿದ್ದರು. ಅವನ ಹೆಂಡತಿ ಸೂಸಮ್ಮ ದಿನಾ ಬೆಳಗಿನ ಗಂಟೆ ಬಾರಿಸುವ ಮುಂಚೆ ಬಂದು ಗುರುಮನೆಯ ಕಿಟಕಿಯ ಕೆಳಗೆ ಸೆರಗು ಹೊದ್ದು ಕೂರುತ್ತಿದ್ದಳು. "ಬಾಯಿ ನೋಡಿ ಹಲ್ಲು ಎಣಿಸಿದ್ಯಾ?" ಎಂದು ಒಳಗಿನಿಂದ ಕೇಳಿದರೆ ಸಮಾಧಾನವಾಗಿ ಪೂಜೆಗೆ ಹೋಗುತ್ತಿದ್ದಳು. ಎಲ್ಲವೂ ಹೀಗೆ ಸೊಗಸಾಗಿಯೇ ಇತ್ತೆಂದಲ್ಲ. ಹೋಟೆಲಿನ ಮಿಕೇಲಪ್ಪ ಬಿಟ್ಟ ಕಂಚಿನ ಲೋಟದಲ್ಲಿ ನೀರು ಕುಡಿದರೆ ಸ್ವಾಮಿಗಳ ಬಾಯಿಂದ ಬರುತ್ತಿದ್ದ ಬೈಗುಳ ಕೇಳಲಾಗದೆ ಧರ್ಮಕೇಂದ್ರದ ಸಮಿತಿಯವರು ಅದನ್ನು ಅಟ್ಟಕ್ಕೆ ಏರಿಸಿದರು. ಅಂದು ಮಿಕೇಲಪ್ಪನ ಮನೆಯವರು ಎಬ್ಬಿಸಿದ್ದು ಉಯಿಲಿನ ಹುಯಿಲು. ಬಿಷಪ್ಪರ ಕಚೇರಿಯವರು ಮಾತ್ರ, ನಿಮ್ಮ ಗುರುಮನೆ ಸಾಮಾನಿನಿಂದ ತುಂಬಿದೆಯಲ್ಲ, ಇನ್ನೇನು ಕೊಡುವುದು ಎಂದು ಕೈ ತೊಳೆದುಕೊಂಡಿದ್ದರು.

ನನ್ನ ಹೆಸರು ಪಾಸ್ಕಲ್. ಕಾಲೇಜು ಓದಿದವನು. ಬಿ.ಎ. ಅಂದರೆ ಬಿಟ್ಟಿ ಅನ್ನ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಮದುವೆ ಮನೆಗಳಲ್ಲಿ ಮೈಕು ಹಿಡಿದು ಕಾರ್ಯಕ್ರಮ ನಡೆಸಿಕೊಡುವುದು, ನಡುವೆ ಊರಿನವರ ದನಿ ತೆಗೆದು ನಗಿಸುವುದು, ಪಂಕ್ತಿಯಲ್ಲಿ ಮೊದಲು ಕೂತು ಉಣ್ಣುವುದು ನನ್ನ ಕಸುಬು. ಒಬ್ಬ ಮನುಷ್ಯ ಚಪ್ಪಲಿ ಬಿಡುವುದನ್ನು ಒಮ್ಮೆ ನೋಡಿದರೆ ಸಾಕು, ಸಂಜೆಗೆ ನಾನು ಅವನಾಗುತ್ತಿದ್ದೆ. ಸ್ವಾಮಿಗಳ ಮೈಯಲ್ಲಿ ಹೊಸದೊಂದು ಚಾಳಿ ಕಾಣಿಸಿಕೊಂಡಾಗ ಅದು ಯಾರದೆಂದು ಅನುಮಾನ ಬಂದರೆ ಊರಿನವರು ನನ್ನನ್ನೇ ಕೇಳುತ್ತಿದ್ದರು. ನಾನು ಹೇಳಿದ್ದೇ ತೀರ್ಪು.

ನನಗೆ ಒಲಿಯದ ದನಿ ಒಂದೇ, ಅಮ್ಮನದು. ಅಮ್ಮ ಮದಲೇನಮ್ಮ ಊರಿಗೆಲ್ಲ ಬೂರುಗದ ಹತ್ತಿ ತುಂಬಿ ಹಾಸಿಗೆ, ದಿಂಬು ಹೊಲಿದುಕೊಡುತ್ತಿದ್ದವಳು. ಕೆಲಸಕ್ಕೆ ಕೂರಲು ಅವಳಿಗೊಂದು ಹಳೆಯ ಚೌಕದ ದಿಂಬಿತ್ತು. ಕೂರುವ ಮುಂಚೆ ಅದಕ್ಕೆ ಅಂಗೈಯಿಂದ ಎರಡು ಬಡಿದು "ಸರ್ಕೊ" ಎನ್ನುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಯಾರಿಗೆ ಹೇಳುತ್ತೀಯ ಎಂದರೆ, "ಯಾರಾದ್ರೂ ಇದ್ರೆ ಅಂತ" ಎನ್ನುವಳು. ಆ "ಸರ್ಕೊ"ದಲ್ಲಿ ಗದರಿಕೆಯೂ ಇತ್ತು, ಬಾ ಕೂತುಕೋ ಎಂಬುದೂ ಇತ್ತು. ನಾನು ಎಷ್ಟು ಸಲ ಪ್ರಯತ್ನಿಸಿದರೂ ಒಂದು ಬಂದರೆ ಇನ್ನೊಂದು ಕೈಕೊಡುತ್ತಿತ್ತು.

ಅಮ್ಮನ ಎದೆಯಲ್ಲಿ ನೀರು ತುಂಬಿದೆ, ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನಗೆ ಒಂದೇ ಧ್ಯಾನ. ಆ ದಿಂಬು ಗುರುಮನೆಗೆ ಹೋಗಬೇಕು. ಅದರ ಜೊತೆ ಬೇರೆ ಚಾಳಿ ಹೋಗದೆ "ಸರ್ಕೊ" ಹೋಗಬೇಕು. ಆಮೇಲೆ ಭಾನುವಾರ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಕೇಳಬೇಕು. ಉಂಡಿದ್ದು ರುಚಿಸಲಿಲ್ಲ, ಮೈಕು ಹಿಡಿದರೆ ಮಾತು ಮರೆಯುತ್ತಿತ್ತು, ಒಂದು ಮದುವೆಯಲ್ಲಿ ಗಂಡಿನ ಹೆಸರಿನ ಬದಲು ಅವನ ಸತ್ತ ಅಜ್ಜನ ಹೆಸರು ಕೂಗಿ ಬೈಸಿಕೊಂಡೆ.

"ಅಂತೋಣಪ್ಪನ್ನ ಕರ್ಕೊಂಡ್ ಬಾ. ಬರೆಸ್ಬಿಡ್ತೀನಿ" ಎಂದಳು ಅಮ್ಮ ಒಂದು ದಿನ. ಅಂತೋಣಪ್ಪ ಸಮಿತಿಯ ಅಧ್ಯಕ್ಷ, ಉಯಿಲು ಬರೆದುಕೊಳ್ಳುವವನು ಅವನೇ.

"ದಿಂಬು ತಾನೆ?" ಎಂದೆ.

"ನಿಂಗ್ಯಾಕೋ ಅವಸರ? ನಾನಿನ್ನೂ ಅದರ ಮೇಲೆ ಕೂತಿದ್ದೀನಿ." ಆಮೇಲೆ ಸ್ವಲ್ಪ ಉಸಿರು ತೆಗೆದುಕೊಂಡು, "ಅಲ್ಲ ಪಾಸ್ಕ, ಊರೋರನ್ನೆಲ್ಲ ಆಡಿ ತೋರಿಸ್ತೀಯಲ್ಲ, ನಮ್ಮ ಸ್ವಾಮ್ಯಾರನ್ನ ಆಡಿ ತೋರಿಸು, ನೋಡಣ" ಎಂದಳು.

ಇದೇನು ಮಹಾ ಎಂದು ನಾನು ಕಾಲು ಕುಣಿಸಿದೆ.

"ಅದು ಗಬ್ರಿಯೇಲ."

ಹುಬ್ಬೆತ್ತಿ ದುರುಗುಟ್ಟಿದೆ. "ಅದು ಲಾಜರ್ ಮೇಷ್ಟ್ರು." ಮೂಗರಳಿಸಿದೆ. "ಅದು ತೆರೇಸಿ, ಮೂದೇವಿ." ಮಾತಿಗೊಮ್ಮೆ "ಹಾಗಾಗಿ ಪ್ರಿಯರೇ, ಹಾಗಾಗಿ" ಎಂದೆ. "ಅದು ಇವರಿಗಿಂತ ಮುಂಚೆ ಇದ್ದ ಸ್ವಾಮಿ. ನಿಲುವಂಗಿ ಅವರದ್ದಲ್ವಾ." ನನ್ನ ಬತ್ತಳಿಕೆ ಬರಿದಾಯಿತು. ಅಮ್ಮ ಕಾಯುತ್ತಿದ್ದಳು. "ಸ್ವಾಮ್ಯಾರನ್ನ ಆಡು ಅಂದ್ರೆ ಊರಿನ ಸ್ಮಶಾನಾನೆಲ್ಲ ಆಡ್ತೀಯಲ್ಲೋ" ಎಂದಳು.

ನನ್ನ ವಿದ್ಯೆಗೆ ಇದೊಂದು ಅವಮಾನ. ಮರುದಿನವೇ ಗುರುಮನೆಗೆ ಹೋದೆ. ಸ್ವಾಮಿಗಳು ಕಾಫಿ ಮಾಡಿಕೊಟ್ಟರು. ಲೋಟ ತೊಳೆಯುವುದು ಒಬ್ಬರ ಹಾಗೆ, ಸಕ್ಕರೆ ಕದಡುವುದು ಇನ್ನೊಬ್ಬರ ಹಾಗೆ. ನಾನು ಒಂದೊಂದನ್ನೂ ಮನಸ್ಸಿನಲ್ಲೇ ಹೆಸರು ಹಿಡಿದು ಕಳೆಯುತ್ತ ಹೋದೆ. ಕಳೆದು ಕಳೆದು ಕಡೆಗೆ ಉಳಿದದ್ದು ಒಂದು ನಿಲುವಂಗಿ, ಅದೂ ಅವರದ್ದಲ್ಲ.

"ಕೂತ್ಕೊಳ್ಳಿ ಸ್ವಾಮಿ" ಎಂದೆ.

"ಎಲ್ಲಿ ಕೂರ್ಲಪ್ಪ? ಆ ಕುರ್ಚೀಲಿ ಕೂತ್ರೆ ನಿನ್ನ ಮೇಲೆ ರೇಗ್ತೀನಿ. ಈ ಸ್ಟೂಲಲ್ಲಿ ಕೂತ್ರೆ ಆಕಳಿಸ್ತೀನಿ. ಬೆಂಚು ನಿಮ್ಮ ದೊಡ್ಡಪ್ಪಂದು. ಅದರಲ್ಲಿ ಕೂತ್ರೆ ನಿನ್ನ ಹತ್ರ ಸಾಲ ಕೇಳ್ತೀನಿ." ಅವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಇದ್ದರು. ನೆಲ ಯಾರೂ ಬಿಟ್ಟು ಹೋದದ್ದಲ್ಲ, ಅಷ್ಟೇ.

"ನಿಮ್ಮದೇ ಅಂತ ಒಂದು ಅಭ್ಯಾಸ ಇತ್ತಾ ಸ್ವಾಮಿ?"

ನಡಿಗೆ ನಿಂತಿತು. "ಇತ್ತು ಕಣಪ್ಪ. ಇದ್ದಿರ್ಲೇಬೇಕು. ಏನು ಅಂತ ಜ್ಞಾಪಕ ಇಲ್ಲ."

"ಬೇಡ ಅನ್ನಬಹುದಲ್ಲ. ಆ ಮಂಚಾನಾದ್ರೂ."

"ಬೆಳಿಗ್ಗೆ ಸೂಸಮ್ಮ ಕಿಟಕಿ ಕೆಳಗೆ ಬಂದು ಕೂರೋದು ನಂಗೊತ್ತಿಲ್ಲ ಅನ್ಕೊಂಡ್ಯಾ?" ಎಂದು ಅವರು ಮತ್ತೆ ನಡೆಯತೊಡಗಿದರು.

ನಾನು ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ನಡಿಗೆ ಸಮೇತ ಆಡಿ ತೋರಿಸಿದೆ. ಅವಳು ನಗಲಿಲ್ಲ. ಸಂಜೆ ಅಂತೋಣಪ್ಪ ಬಂದಾಗ ದಿಂಬಿನ ಮೇಲೆ ನೆಟ್ಟಗೆ ಕೂತು ಹೇಳಿದಳು: "ಬರ್ಕೊ ಅಂತೋಣಿ. ಒಂದು ಕುರ್ಚಿ. ಹಲಸಿನ ಮರದ್ದು, ಕೈಯಿರೋದು. ಬಡಗಿ ರಾಯಪ್ಪನಿಗೆ ಮಾಡಕ್ಕೆ ಹೇಳಿದ್ದೀನಿ. ಹೊಸದು. ಯಾರೂ ಕೂತಿರಬಾರದು."

ಅಂತೋಣಪ್ಪ ಪೆನ್ನಿನ ಮುಚ್ಚಳ ಹಾಕಿದ. "ಮದಲೇನಕ್ಕ, ಹೊಸದು ಕೊಡೋ ಪದ್ಧತಿ ನಮ್ಮಲ್ಲಿಲ್ಲ."

"ಕೊಡಬಾರದು ಅಂತ ಇದ್ಯಾ?"

"ಹಂಗೇನಿಲ್ಲ. ಯಾರೂ ಕೊಟ್ಟಿಲ್ಲ. ಹೊಸದು ಕೊಟ್ರೆ ನಿಮ್ಮದು ಅಂತ ಏನು ಹೋದಂಗಾಯ್ತು? ಜನ ಏನಂತಾರೆ, ಬಿಗಿಮುಷ್ಟಿ ಅನ್ನಲ್ವಾ?"

"ಅನ್ಲಿ ಬಿಡು. ನಾನು ಕೇಳಿಸ್ಕೊಳ್ಳಕ್ಕೆ ಇರ್ತೀನಾ?"

ಅವನು ಹೋದ ಮೇಲೆ ನಾನು ಅವಳ ಮುಂದೆ ನಿಂತೆ. ಬಾಯಿಗೆ ಬರುತ್ತಿದ್ದ ಚಟಾಕಿಗಳೆಲ್ಲ ಅಂದು ಎಲ್ಲೋ ಅಡಗಿದ್ದವು. "ನನಗೆ ಏನೂ ಬಿಟ್ಟು ಹೋಗಲ್ವಾ?" ಎಂದೆ.

"ಮನೆ ಇದೆ. ದಿಂಬಿದೆ."

"ನನ್ನ ಹತ್ರ ಇದ್ರೆ ಅದು ಮಾತಾಡತ್ತಾ?"

"ಆ ಮನುಷ್ಯನ ಬಾಯಲ್ಲಿ ನಾನ್ಯಾಕೆ ಮಾತಾಡ್ಲಿ? ಇಷ್ಟು ವರ್ಷ ನನ್ನ ಬಾಯಲ್ಲೇ ಬೇಕಾದಷ್ಟು ಆಡಿದ್ದೀನಿ." ಅವಳು ಉಸಿರಿಗಾಗಿ ಮಾತು ನಿಲ್ಲಿಸಿದಳು. "ಊರೋರೆಲ್ಲ ಗುರುಮನೆಗೆ ಕೊಟ್ವಿ ಕೊಟ್ವಿ ಅಂತೀವಿ. ಕೊಟ್ಟಿದ್ದಲ್ಲ ಕಣೋ ಅದು, ಅವರ ಮೈಮೇಲೆ ಬಿಡಾರ ಹೂಡಿದ್ದು. ಒಬ್ರಾದ್ರೂ ಅವರಿಗೆ ಕೂರಕ್ಕೆ ಒಂದು ಜಾಗ ಕೊಡ್ಬೇಕೋ ಬೇಡ್ವೋ?"

ಕುರ್ಚಿ ಬಂತು. ರಾಯಪ್ಪ ಅದರ ಗಟ್ಟಿತನ ಪರೀಕ್ಷೆಗೂ ತಾನು ಕೂರದೆ ಅಕ್ಕಿಮೂಟೆ ಕೂರಿಸಿದ್ದನಂತೆ. ಹಳದಿ ಮರ, ಇನ್ನೂ ಹಲಸಿನ ವಾಸನೆ. ಅಮ್ಮ ಅದಕ್ಕೆ ಒಗೆದ ಬಟ್ಟೆ ಹೊದಿಸಿ ನಡುಮನೆಯ ಮೂಲೆಯಲ್ಲಿಡಿಸಿದಳು. ಆಗ ನಾನು ನನ್ನ ಕುತಂತ್ರ ಶುರುಮಾಡಿದೆ. ಒಂದು ಸಲ, ಒಂದೇ ಒಂದು ಸಲ ಅವಳು ಅದರಲ್ಲಿ ಕೂತರೆ ಸಾಕು, ಕುರ್ಚಿ ಅವಳದಾಗುತ್ತದೆ. ನೆಲ ಒರೆಸುವ ನೆಪದಲ್ಲಿ ನೀರು ಚೆಲ್ಲಿದೆ. ಅವಳು ಹೊಸ್ತಿಲ ಮೇಲೆ ಕೂತಳು. ಬಿಸಿಲು ಕಾಯಲು ಬಾ ಎಂದು ಕುರ್ಚಿಯನ್ನು ಜಗಲಿಗೆ ತಂದಿಟ್ಟೆ. ಅವಳು ಬಂದು ಕುರ್ಚಿಯ ಕಾಲಿಗೆ ಒರಗಿ ಕೆಳಗೆ ಕೂತಳು. ಮತ್ತೊಂದು ದಿನ ಉಸಿರು ಹಿಡಿದುಕೊಂಡಾಗ ಅವಳನ್ನು ಎತ್ತಿ ನೇರ ಅಲ್ಲಿಗೇ ಒಯ್ದೆ. ಮಾತಾಡಲಾಗದ ಅಮ್ಮ ನಡುವೆ ಸಿಕ್ಕ ಕಂಬವನ್ನು ತಬ್ಬಿಕೊಂಡಳು. ಬಿಡಿಸಲು ಹೋದರೆ ಬಿಡಲಿಲ್ಲ. ಅವಳ ಬೆರಳುಗಳಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ನಾನೇ ದಿಂಬನ್ನು ಕಂಬದ ಬುಡಕ್ಕೆ ತಂದು ಹಾಕಿದೆ. ಆ ಸುಸ್ತಿನಲ್ಲೂ ಅವಳು ಅದಕ್ಕೆ ಎರಡು ಬಡಿದಳು, ತುಟಿ ಮಾತ್ರ ಅಲ್ಲಾಡಿತು.

ಅದಾದ ಕೆಲವೇ ದಿನಕ್ಕೆ ಅಮ್ಮ ಹೋದಳು.

ಉಯಿಲಿನ ವಸ್ತುವನ್ನು ಒಪ್ಪಿಸುವುದು ಸತ್ತವರಿಗೆ ತಿಂಗಳು ತುಂಬಿದಾಗ ನಡೆಯುವ ಪೂಜೆಯ ದಿನ. ಪೂಜೆ ಮುಗಿದ ಮೇಲೆ ಮನೆಯವರು ಅದನ್ನು ಪೀಠದ ಮೆಟ್ಟಿಲ ಹತ್ತಿರ ತಂದಿಡುತ್ತಾರೆ. ಸ್ವಾಮಿಗಳು ಎಲ್ಲರೆದುರು ಒಮ್ಮೆ ಬಳಸುತ್ತಾರೆ. ಸತ್ತವರು ಯಾವ ರೂಪದಲ್ಲಿ ಬಂದರು ಎಂದು ಊರು ಕುತ್ತಿಗೆ ಚಾಚಿ ನೋಡುತ್ತದೆ. ನಾನೂ ರಾಯಪ್ಪನೂ ಕುರ್ಚಿ ಹೊತ್ತು ತಂದೆವು. ನನ್ನ ಹೆಗಲಲ್ಲಿ ಒಂದು ಚೀಲವಿತ್ತು, ಚೀಲದಲ್ಲಿ ದಿಂಬಿತ್ತು. ಕುರ್ಚಿಯ ಮೇಲೆ ಮೆತ್ತಗಿರಲಿ ಸ್ವಾಮಿ, ಇದೂ ಅಮ್ಮಂದೇ ಎಂದುಬಿಟ್ಟರೆ ಯಾರು ಬೇಡ ಅನ್ನುತ್ತಾರೆ? ಆ ಒಂದು ವಾಕ್ಯವನ್ನು ನಾನು ದಾರಿಯುದ್ದಕ್ಕೂ ಬೇರೆ ಬೇರೆ ದನಿಗಳಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

ಬಟ್ಟೆ ತೆಗೆದೊಡನೆ ಬೆಂಚುಗಳಲ್ಲಿ ಪಿಸುಮಾತು ಎದ್ದಿತು. ಹಳದಿ ಮರ ಹೊಸತನವನ್ನು ಮುಚ್ಚಿಟ್ಟುಕೊಳ್ಳುವಂತಿರಲಿಲ್ಲ. "ಊರಿಗೆಲ್ಲ ಹಾಸಿಗೆ ಹೊಲಿದೋಳು, ತನ್ದು ಅಂತ ಒಂದು ದಾರಾನೂ ಬಿಡ್ಲಿಲ್ವಲ್ಲ" ಎಂದಳು ಸೂಸಮ್ಮ. ನನಗೆ ಕೇಳಿಸಲಿ ಎಂದೇ ಅಂದಿದ್ದು.

ಸ್ವಾಮಿಗಳು ಕುರ್ಚಿಯ ಸುತ್ತ ಒಂದು ಬಾರಿ ನಡೆದರು. ಅದರ ಕೈಯನ್ನು ಮುಟ್ಟಿದರು, ತಮ್ಮ ಬೆರಳು ಮೂಸಿದರು. ಆಮೇಲೆ ಬಿಸಿನೀರಿಗೆ ಇಳಿಯುವವರ ಹಾಗೆ ಮೆಲ್ಲಗೆ ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಎಲ್ಲರೂ ಮೊದಲು ನೋಡಿದ್ದು ಬಲಗಾಲನ್ನು. ಅದು ಸುಮ್ಮನಿತ್ತು. ಹುಬ್ಬು ಇಳಿದಿತ್ತು, ಮೂಗು ತನ್ನ ಪಾಡಿಗೆ ತಾನು ಉಸಿರಾಡುತ್ತಿತ್ತು. ಅಮ್ಮನ ಯಾವ ಗುರುತೂ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದ ನಾನೂ ಅವರ ತುಟಿಯನ್ನೇ ನೋಡುತ್ತಿದ್ದೆ.

ಅಂತೋಣಪ್ಪ ನನ್ನ ಕಿವಿಯ ಹತ್ತಿರ ಬಂದ. "ಪಾಸ್ಕಲ್ಲು, ಹಳೇದು ಏನಾದ್ರೂ ತಂದಿದ್ರೆ ಈಗಲೇ ಕೊಟ್ಬಿಡಪ್ಪ. ಅಮ್ಮನ ಹೆಸರು ಕೆಡುತ್ತೆ. ನಾನು ಸೇರಿಸಿ ಬರ್ಕೋತೀನಿ."

ಚೀಲದ ಬಾಯಿ ತೆರೆದು ಕೈ ಹಾಕಿದೆ. ದಿಂಬಿನ ಮೂಲೆ ಸಿಕ್ಕಿತು.

ಆಗ ಟಕ್ ಎಂದು ಒಂದು ಸದ್ದು. ಸ್ವಾಮಿಗಳ ಬಲಗೈಯ ಬೆರಳೊಂದು ಕುರ್ಚಿಯ ಕೈಗೆ ತಾಗಿತ್ತು. ಸ್ವಲ್ಪ ಬಿಟ್ಟು ಇನ್ನೊಂದು. ಎಡಗೈ ಉತ್ತರ ಕೊಟ್ಟಿತು. ಮೊದಲು ಜಾಗ ಹುಡುಕುವಂತೆ, ಆಮೇಲೆ ಜಾಗ ಸಿಕ್ಕಂತೆ, ಎರಡು ಕೈಗಳೂ ಕೂಡಿಕೊಂಡವು. ಬೆರಳತುದಿ, ಗೆಣ್ಣು, ಅಂಗೈಯ ಬುಡ. ಹಲಸಿನ ಮರ ಖಣಖಣ ಎನ್ನತೊಡಗಿತು. ಇದು ತಮಟೆಯ ಗತ್ತು. ಹಬ್ಬದ ಮೆರವಣಿಗೆ ತಿರುವಿನಲ್ಲಿ ನಿಂತಾಗ ಬಾರಿಸುವ, ಕಾಲನ್ನು ಸುಮ್ಮನಿರಲು ಬಿಡದ ಗತ್ತು. ಸ್ವಾಮಿಗಳ ಕಣ್ಣು ಮುಚ್ಚಿತ್ತು.

"ಯಾರ್ದೋ ಇದು?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. "ಮದಲೇನಮ್ಮ ತಮಟೆ ಬಾರಿಸ್ತಿದ್ಲಾ?" ಎಂದು ಇನ್ನೊಬ್ಬರು. ಎಲ್ಲರೂ ನನ್ನ ಕಡೆ ತಿರುಗಿದರು. ತೀರ್ಪು ನನ್ನದಲ್ಲವೇ. ನಾನು ನನಗೆ ಗೊತ್ತಿದ್ದ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ಕೈ ನೋಡಿದೆ. ಗಬ್ರಿಯೇಲಪ್ಪನ ಕೈ ಅಲ್ಲ. ಚೌರಪ್ಪನದೂ ಅಲ್ಲ. ಅಮ್ಮನದು ಅಲ್ಲವೇ ಅಲ್ಲ.

"ಇದು ನಮ್ಮ ಗೋರಿಗಳಲ್ಲಿರೋ ಯಾರದ್ದೂ ಅಲ್ಲ" ಎಂದೆ.

ಸ್ವಾಮಿಗಳು ಕಣ್ಣು ತೆರೆದರು. ಕೈಗಳು ನಿಂತವು. ಅವನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಯಾರೋ ಬಿಟ್ಟು ಹೋದ ಕೈಗಳೇನೋ ಎಂಬ ಹಾಗೆ.

"ನಂದು ಕಣಪ್ಪ ಇದು" ಎಂದರು. "ನಮ್ಮಪ್ಪ ತಮಟೆಯೋನು. ನಾನು ಸಿಕ್ಕಿದ್ದರ ಮೇಲೆಲ್ಲ ಬಾರಿಸ್ತಿದ್ದೆ. ಸೆಮಿನರೀಲಿ ಊಟದ ಮೇಜಿನ ಮೇಲೆ ಬಾರಿಸಿ ಏಟು ತಿಂದಿದ್ದೆ." ಅವರ ದನಿ ನಾನು ಹಿಂದೆಂದೂ ಕೇಳಿದ್ದಲ್ಲ. ಸ್ವಲ್ಪ ತೆಳು, ಸ್ವಲ್ಪ ನಾಚಿಕೆಯದು, ಮಾತಿನ ಕೊನೆಯಲ್ಲಿ ಮೇಲಕ್ಕೇರುವಂಥದು.

ಸೂಸಮ್ಮ ಎದ್ದು ನಿಂತಳು. ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. "ಹಂಗಾದ್ರೆ ಸ್ವಾಮಿ, ಮಂಚ?"

"ಮಂಚ ಅಲ್ಲೇ ಇರತ್ತೆ ಸೂಸಮ್ಮ. ಮಲಗೋದು ಅದರ ಮೇಲೇನೇ. ಕೂರೋದು ಮಾತ್ರ ಇಲ್ಲಿ."

ಅವಳು ಕೂತಳು. ಬಳಿಕ ಪಕ್ಕದವಳಿಗೆ, "ಮದಲೇನಿ ಮೊದಲಿಂದಲೂ ಹಂಗೇ, ಯಾರಿಗೂ ಹೇಳ್ದೆ ಮಾಡೋಳು" ಎಂದಳು. ಇದನ್ನೂ ನನಗೆ ಕೇಳಿಸಲೆಂದೇ ಅಂದಿದ್ದು. ಅಂತೋಣಪ್ಪ ಪೆನ್ನು ಹಿಡಿದು ನನ್ನ ಚೀಲವನ್ನೇ ನೋಡುತ್ತಿದ್ದ. "ಏನಪ್ಪ, ಸೇರಿಸ್ಲಾ?"

ದಿಂಬಿನ ಮೂಲೆ ಇನ್ನೂ ನನ್ನ ಬೆರಳುಗಳ ನಡುವೆ ಇತ್ತು. ಕುರ್ಚಿಯಲ್ಲಿ ಸ್ವಾಮಿಗಳು ಮತ್ತೆ ಮೆಲ್ಲಗೆ, ಕೈ ಬಿಸಿ ಮಾಡಿಕೊಳ್ಳುವವರ ಹಾಗೆ ಬಾರಿಸತೊಡಗಿದ್ದರು. ದಿಂಬು ಹಾಕಿದರೆ ಆ ಕೈಗಳು ನಿಲ್ಲುತ್ತವೆ. ದಿಂಬಿಗೆ ಎರಡು ಬಡಿತ, ಒಂದು "ಸರ್ಕೊ". ಅವರು ನಿಜವಾಗಿಯೂ ಸರಿದುಬಿಡುತ್ತಾರೆ. ಬೇಡ ಎನ್ನುವವರಲ್ಲ ಅವರು.

"ಕುರ್ಚಿ ಅಷ್ಟೇ" ಎಂದೆ. ಚೀಲದ ಬಾಯಿ ಕಟ್ಟಿದೆ. ಅಂತೋಣಪ್ಪ ಕುರ್ಚಿ ಅಷ್ಟೇ ಎಂದು ಬರೆದುಕೊಂಡ.

ಮನೆಗೆ ಬರುವ ದಾರಿಯಲ್ಲಿ ಸ್ವಾಮಿಗಳ ಆ ತೆಳು ದನಿಯನ್ನು ತೆಗೆಯಲು ನೋಡಿದೆ, ಸುಲಭವಾಗಿ ಬಂತು. ಇನ್ನು ಯಾರಾದರೂ ಸ್ವಾಮ್ಯಾರನ್ನ ಆಡಿ ತೋರಿಸು ಎಂದರೆ ಆಡಿ ತೋರಿಸಬಲ್ಲೆ. ಕೇಳಿದವಳು ಇರಲಿಲ್ಲ. ಒಳಗೆ ಹೋಗಿ ದೀಪ ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ನಡುಮನೆಯ ಮೂಲೆಯಲ್ಲಿ ಕುರ್ಚಿಯ ನಾಲ್ಕು ಕಾಲಿನ ಗುರುತು ಉಳಿದಿತ್ತು. ದಿಂಬನ್ನು ಚೀಲದಿಂದ ತೆಗೆದು ಕಂಬದ ಬುಡದಲ್ಲಿಟ್ಟೆ. ಬಡಿಯಲಿಲ್ಲ, ದನಿ ತೆಗೆಯಲೂ ಹೋಗಲಿಲ್ಲ. ದಿಂಬಿನ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತೆ. ಕೂತವನು, ಯಾರೂ ಏನೂ ಹೇಳದಿದ್ದರೂ, ಸ್ವಲ್ಪ ಸರಿದುಕೊಂಡೆ.